ಕೆಂಪು ಚೀಟಿ ಕಟ್ಟಿಸಿಕೊಂಡ ಕಾದಂಬರಿ

ಸುಳ್ಳಿಗೆ ಕಾಲಿಲ್ಲ ಎನ್ನುವವರು ಲಿಫ್ಟಿನ ವಿಷಯ ಮರೆತಿರುತ್ತಾರೆ. ಕಿವಿಯಣ್ಣನ ಸುಳ್ಳು ನೆಲಮಹಡಿಯಲ್ಲಿ ಹುಟ್ಟಿ, ಅವನ ಮಹಡಿ ಬರುವಷ್ಟರಲ್ಲಿ ಅದಕ್ಕೆ ಮೀಸೆ ಬಂದುಬಿಟ್ಟಿತ್ತು.

ಆದದ್ದಿಷ್ಟು. ಪಕ್ಕದ ಮನೆಯ ಹಲ್ಲಿನ ಡಾಕ್ಟರು ಕಂಕುಳಲ್ಲಿ ದಪ್ಪ ಪುಸ್ತಕವಿಲ್ಲದೆ ಹೊರಗೆ ಕಾಲಿಡುವವರಲ್ಲ. ಆ ಪುಸ್ತಕದೊಳಗೆ ಅವರು ಕಾಲಿಟ್ಟದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ಲಿಫ್ಟಿನಲ್ಲಿ ಸುಮ್ಮನೆ ನಿಲ್ಲಲಾರದೆ ಅವರು ಕೇಳಿದರು: "ಏನ್ರೀ, ಈಗೇನು ಓದ್ತಾ ಇದೀರಿ?"

ಶಾಲೆ ಬಿಟ್ಟಮೇಲೆ ಕಿವಿಯಣ್ಣ ಗಮನವಿಟ್ಟು ಓದಿದ್ದೆಂದರೆ ಔಷಧದ ಬಾಟಲಿಗಳ ಬೆನ್ನು ಮಾತ್ರ. ಆದರೆ ಕೇಳಿದವರು ಡಾಕ್ಟರು, ಜೊತೆಯಲ್ಲಿ ಬೇರೆ ಮಹಡಿಯ ಇಬ್ಬರು ಹೆಂಗಸರೂ ಇದ್ದರು. "ಕಾದಂಬರಿ" ಎಂದ.

"ಓಹೋ! ಯಾವುದು?"

"ಎಲ್ಲಾ."

"ಎಲ್ಲಾ ಅಂದ್ರೆ?"

"ಎಲ್ಲಾ ಥರದ್ದೂ ಸಾರ್. ಪತ್ತೇದಾರಿ, ಪ್ರೇಮ, ದೆವ್ವ, ಯುದ್ಧ... ಇಂಥದ್ದೇ ಅಂತ ಇಟ್ಕೊಂಡಿಲ್ಲ."

ಡಾಕ್ಟರು ಬಾಳೆಲ್ಲ ಜನರ ಬಾಯಿಯೊಳಗೆ ಇಣುಕಿದವರು, ನಿಜ. ಆದರೆ ಬಾಯಿಂದ ಹೊರಬರುವುದನ್ನು ಪರೀಕ್ಷಿಸುವುದು ಅವರ ಓದಿನಲ್ಲಿ ಸೇರಿರಲಿಲ್ಲ. ನಂಬಿಬಿಟ್ಟರು. ಲಿಫ್ಟಿನ ಬಾಗಿಲು ತೆರೆದಾಗ ಎದುರಿಗೆ ನಿಂತಿದ್ದ ಕಿವಿಯಣ್ಣನ ಹೆಂಡತಿಗೇ ಹೇಳಿದರು: "ಅಮ್ಮಾ, ನಿಮ್ಮೆಜಮಾನ್ರು ಬೂದಿ ಮುಚ್ಚಿದ ಕೆಂಡ! ಇನ್ಮೇಲೆ ಕೆಳಗಿನ ಓದುವ ಕೋಣೆಗೆ ಕಳಿಸಿಕೊಡಿ. ಅವರ ಅಭಿಪ್ರಾಯ ನಮಗೂ ಬೇಕು."

"ಇವ್ರಾ? ಕಾದಂಬರಿನಾ?" ಎಂದಳು ಹೆಂಡತಿ, ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನನ್ನು ತೆಗೆದು. ಅವಳು ಬಟ್ಟೆ ಹೊಲಿಯುವವಳು.

ಒಳಗಿನಿಂದ ಟಿವಿಯ ಸದ್ದನ್ನೂ ಮೀರಿ ಅತ್ತೆಯ ದನಿ ಬಂತು: "ಅಳಿಯಂದ್ರ ಕಿವಿ ಹೇಗೂ ಆ ಫ್ಯಾನುಗಳಿಗೆ ಹೋಯ್ತು. ಈಗ ಕಣ್ಣಿನ ಸರದಿ ಏನು?"

ಅತ್ತೆ ಹೇಳಿದ್ದರಲ್ಲಿ ಅರ್ಧ ತಪ್ಪು. ಕಿವಿಯಣ್ಣನ ಕಿವಿ ಹೋಗಿರಲಿಲ್ಲ, ಅದರಿಂದಲೇ ಅವನ ಮನೆ ನಡೆಯುತ್ತಿತ್ತು. ಫ್ಯಾನು ತಯಾರಿಸುವ ಕಾರ್ಖಾನೆಯಲ್ಲಿ ಅವನು ಪರೀಕ್ಷಕ. ಕೊಕ್ಕೆಗೆ ತೂಗುಹಾಕಿದ ಫ್ಯಾನನ್ನು ತಿರುಗಿಸಿ, ಕಣ್ಣು ಮುಚ್ಚಿ, ಕಿವಿ ಕೊಡುತ್ತಾನೆ. ಸದ್ದು ಒಪ್ಪಿಗೆಯಾದರೆ ಹಸಿರು ಚೀಟಿ ಕಟ್ಟಿ 'ಪಾಸ್' ಎಂದು ಬರೆಯುತ್ತಾನೆ. ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟಿ, 'ವಾಪಸ್' ಎಂದು ಬರೆದು, ಕಾರಣವನ್ನು ತನ್ನ ಕೈಯಾರೆ ಬರೆಯಬೇಕು. ಕಾರ್ಖಾನೆಯಲ್ಲಿ ಹಳೆಯದೊಂದು ನಿಯಮವಿದೆ: ಕೆಂಪು ಚೀಟಿಯನ್ನು ಕಟ್ಟಿದವನೇ ಬಿಚ್ಚಬೇಕು, ಬಿಚ್ಚುವ ಮೊದಲು ಫ್ಯಾನನ್ನು ಇನ್ನೊಮ್ಮೆ ತಿರುಗಿಸಿ ಕೇಳಬೇಕು. ಮ್ಯಾನೇಜರು ಬಂದು ಹೇಳಿದರೂ ಕೇಳದೆ ಬಿಚ್ಚುವಂತಿಲ್ಲ. ಈ ನಿಯಮ ಕಿವಿಯಣ್ಣನ ರಕ್ತದಲ್ಲಿ ಎಷ್ಟು ಬೆರೆತಿತ್ತೆಂದರೆ, ಮದುವೆಗೆ ಹುಡುಗಿ ನೋಡಲು ಹೋದಾಗಲೂ ಅವನ ಜೇಬಿನಲ್ಲಿ ಎರಡು ಬಣ್ಣದ ಚೀಟಿಗಳಿದ್ದವಂತೆ. ಅಂದು ಹಸಿರೇ ಹೊರಬಂತೆಂದು ಅವನು ಹೇಳುತ್ತಾನೆ. ಹೆಂಡತಿ ಅದರ ಬಗ್ಗೆ ಏನೂ ಹೇಳುವುದಿಲ್ಲ.

ಹೀಗೆ ಸುಳ್ಳನ್ನು ನಿಜ ಮಾಡಲು ಕಿವಿಯಣ್ಣ ಓದುವ ಕೋಣೆಗೆ ಇಳಿದ. ಕಟ್ಟಡದ ಸಂಘದವರು ನೆಲಮಹಡಿಯಲ್ಲಿ ನಡೆಸುತ್ತಿದ್ದ ಕೋಣೆ ಅದು. ಆಸ್ಪತ್ರೆಯಿಂದ ನಿವೃತ್ತಳಾದ ದಾದಿಯೊಬ್ಬಳು ನೋಡಿಕೊಳ್ಳುತ್ತಿದ್ದಳು. ಎಲ್ಲರೂ ಅವಳನ್ನು ನರ್ಸಮ್ಮ ಎನ್ನುತ್ತಿದ್ದರು. ಪುಸ್ತಕಗಳನ್ನು ಅವಳು ಒಳರೋಗಿಗಳಂತೆ ನೋಡಿಕೊಳ್ಳುತ್ತಿದ್ದಳು. ಎಲ್ಲಕ್ಕೂ ಒಂದೇ ಬಗೆಯ ಕಂದು ಕಾಗದದ ಹೊದಿಕೆ. "ಹಾಳೆ ಮಡಚಬೇಡಿ, ಅದಕ್ಕೂ ಬೆನ್ನುಮೂಳೆ ಇದೆ" ಎಂದು ಗದರಿಸಿ ಕಿವಿಯಣ್ಣನನ್ನು ಕಿಟಕಿ ಪಕ್ಕದ ಕುರ್ಚಿಗೆ ಕಳಿಸಿದಳು.

ಆ ಕುರ್ಚಿಯಲ್ಲಿ ಕೂತ ಮೊದಲ ಸಂಜೆ ಕಿವಿಯಣ್ಣ ಪುಸ್ತಕ ತೆರೆಯಲೇ ಇಲ್ಲ. ಹಗಲೆಲ್ಲ ಫ್ಯಾನುಗಳ ಸದ್ದು. ಮನೆಯಲ್ಲಿರುವುದು ಎರಡೇ ಕೋಣೆ, ಒಂದರಲ್ಲಿ ಹೊಲಿಗೆಯಂತ್ರ, ಇನ್ನೊಂದರಲ್ಲಿ ಅತ್ತೆಯ ಧಾರಾವಾಹಿ. ಇಲ್ಲಿ ಏನೂ ಇರಲಿಲ್ಲ. ಆ ಏನೂ ಇಲ್ಲದ್ದನ್ನು ಬಾಯಿ ತೆರೆದುಕೊಂಡು ಕೇಳುತ್ತ ಕೂತ. ಕೋಣೆ ಮುಚ್ಚುವ ಹೊತ್ತಿಗೆ ನರ್ಸಮ್ಮ ಬಂದು ಅವನ ನಾಡಿ ಹಿಡಿದು ನೋಡಿದಳು.

ಎರಡನೆಯ ಸಂಜೆಯಿಂದ ಓದಿದ. ಓದಿ ಮುಗಿಸಿದ ಪುಸ್ತಕವನ್ನು ಹಾಗೇ ಹಿಂತಿರುಗಿಸಲು ಅವನ ಕೈ ಒಪ್ಪಲಿಲ್ಲ. ಪರೀಕ್ಷೆ ಆದಮೇಲೆ ಚೀಟಿ ಬೇಡವೇ? ಜೇಬಿನಿಂದ ತೆಗೆದ, ಬರೆದ, ದಾರದಿಂದ ಕಟ್ಟಿದ.

ಮೊದಲನೆಯದು 'ಹನ್ನೊಂದನೆಯ ಕೈಗವಸು' ಎಂಬ ಪತ್ತೇದಾರಿ. ಹಸಿರು. "ಪಾಸ್. ಕೊಲೆಗಾರ ಅಡುಗೆಯವನೇ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದೆ. ಅವನಲ್ಲ ಎಂದು ಕೊನೆಯಲ್ಲಿ ಬರೆದಿದ್ದಾರೆ. ನನಗೆ ಈಗಲೂ ಅವನ ಮೇಲೇ ಅನುಮಾನ."

ಆಮೇಲೆ 'ನೀನಿಲ್ಲದ ಬಸ್ಸು', ಪ್ರೇಮಕತೆ. "ಇಬ್ಬರೂ ಒಂದು ಸಲ ಕೂತು ಮಾತಾಡಿದ್ದರೆ ಮೊದಲ ಅಧ್ಯಾಯದಲ್ಲೇ ಮುಗಿಯುತ್ತಿತ್ತು. ಮಾತಾಡಲಿಲ್ಲ. ನನಗೆ ಸಿಟ್ಟು ಬಂತು. ಬಸ್ಸು ಹೊರಟಾಗ ಮೂಗು ಸೋರಿತು. ನೆಗಡಿ ಇರಲಿಲ್ಲ. ಪಾಸ್."

'ಸೇನಾಪತಿಯ ಬೆನ್ನು' ಎಂಬ ಐತಿಹಾಸಿಕಕ್ಕೆ ಕೆಂಪು. "ವಾಪಸ್. ಸೇನಾಪತಿ ಕುದುರೆ ಹತ್ತಲು ಒಂದಿಡೀ ಅಧ್ಯಾಯ. ಇಳಿದದ್ದನ್ನು ಬರೆಯಲು ಮರೆತಿದ್ದಾರೆ. ಊಟ, ನಿದ್ದೆ, ಮದುವೆ, ಎಲ್ಲ ಕುದುರೆಯ ಮೇಲೇ ಆದಂತಿದೆ."

ಮುಂದಿನ ಯುಗದ ಗ್ರಹಾಂತರ ಕತೆಗೆ: "ಸಾವಿರಾರು ವರ್ಷ ಕಳೆದು, ಬೇರೆ ಗ್ರಹಕ್ಕೆ ಹೋದಮೇಲೂ ಜನ ಮೀಟಿಂಗ್ ಮಾಡುತ್ತಾರಂತೆ. ನನಗೆ ತುಂಬ ಬೇಸರವಾಯಿತು. ಆದರೆ ನಿಜವಿರಬಹುದು. ಪಾಸ್."

ಡಾಕ್ಟರು ಯಾವಾಗಲೂ ಕಂಕುಳಲ್ಲಿಟ್ಟುಕೊಳ್ಳುತ್ತಿದ್ದ ಅನುವಾದಿತ ಕಾದಂಬರಿ 'ಕಿಟಕಿಯಾಚೆ ಕಿಟಕಿ'ಯನ್ನೂ ಕಿವಿಯಣ್ಣ ಬಿಡಲಿಲ್ಲ. "ಎಲ್ಲೂ ಫುಲ್‌ಸ್ಟಾಪ್ ಇಲ್ಲ. ಒಬ್ಬ ಮನುಷ್ಯ ಕಿಟಕಿ ತೆಗೆಯಲೋ ಬೇಡವೋ ಎಂದು ಯೋಚಿಸುತ್ತಾನೆ. ಕೊನೆಗೂ ತೆಗೆಯುವುದಿಲ್ಲ. ನನಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ. ಆದರೆ ಓದಿ ಮುಗಿಸಿದವನು ಮನೆಗೆ ಹೋಗಿ ನಮ್ಮ ಕಿಟಕಿ ತೆಗೆದೆ. ಯಾಕೆ ಅಂತ ಗೊತ್ತಿಲ್ಲ. ಪಾಸ್."

"ಕೊನೆಗೂ ತೆಗೆಯಲ್ವಾ?" ಎಂದು ಡಾಕ್ಟರು ಚೀಟಿ ಓದಿ ಕೇಳಿದರು. ಆಮೇಲೆ ಸಾವರಿಸಿಕೊಂಡು, "ಅಂದ್ರೆ, ತೆಗೆಯಲ್ಲ ಅನ್ನೋದೇ ಅದರ ಸೊಗಸು" ಎಂದರು.

ಕಟ್ಟಡದ ಜನ ಪುಸ್ತಕ ಹಿಡಿಯುವ ಮೊದಲು ಚೀಟಿ ಹಿಡಿಯತೊಡಗಿದರು. ಬರೀ ಚೀಟಿ ಓದಿ ಹೋಗುವವರೂ ಇದ್ದರು. ಅವರನ್ನು ನರ್ಸಮ್ಮ "ಹೊರರೋಗಿಗಳು" ಎನ್ನುತ್ತಿದ್ದಳು.

ಹೀಗೆ ಎಲ್ಲ ಸುಗಮವಾಗಿದ್ದಾಗ ನರ್ಸಮ್ಮನ ಪುಸ್ತಕದ ಗಾಡಿಯ ಚಕ್ರವೊಂದು ಕಿರುಗುಟ್ಟತೊಡಗಿತು.

ಕಿವಿಯಣ್ಣ ಅಂದು 'ಕೆಳಮನೆಯ ಉಸಿರು' ಎಂಬ ದೆವ್ವದ ಕಾದಂಬರಿ ಮುಗಿಸಿ ತಂದಿದ್ದ. ಚೀಟಿ ಬರೆದು, ಕಟ್ಟಲು ದಾರ ತೆಗೆದಿದ್ದ. ಅಷ್ಟರಲ್ಲಿ ನರ್ಸಮ್ಮ, "ಬನ್ನಿ ಇಲ್ಲಿ, ಇದಕ್ಕೆ ಏನಾಗಿದೆ ನೋಡಿ" ಎಂದು ಕರೆದಳು. ಕಿವಿಯಣ್ಣ ನೆಲಕ್ಕೆ ಬಗ್ಗಿ ಚಕ್ರಕ್ಕೆ ಕಿವಿ ಕೊಟ್ಟ. ಕಿವಿ ಕೊಟ್ಟಾಗ ಕಣ್ಣು ಮುಚ್ಚುವುದು ಅವನ ವೃತ್ತಿಧರ್ಮ. ಕೈ ಮಾತ್ರ ತನ್ನ ಪಾಡಿಗೆ ಗಾಡಿಯ ಮೇಲೆ ತಡಕಿ, ಸಿಕ್ಕ ಕಂದು ಹೊದಿಕೆಯ ಪುಸ್ತಕಕ್ಕೆ ಚೀಟಿ ಕಟ್ಟಿ ಗಂಟುಹಾಕಿತು.

ಆ ಪುಸ್ತಕ 'ತಾಳ್ಮೆಯ ತಾಯಿಬೇರು'. ಬರೆದವರು ಕಟ್ಟಡದ ಸಂಘದ ಅಧ್ಯಕ್ಷರು. ರೈಲ್ವೆಯಲ್ಲಿ ದೊಡ್ಡ ಹುದ್ದೆಯಿಂದ ನಿವೃತ್ತರಾದ ಅವರು ಮನೆಯಲ್ಲಿ ನೀರು ಕೇಳುವಾಗಲೂ "ಗಮನಿಸಿ" ಎಂದು ಶುರುಮಾಡುತ್ತಿದ್ದರು. ಸಕಲ ಕಷ್ಟಗಳನ್ನು ನಗುನಗುತ್ತ ಸಹಿಸುವ ಗೃಹಿಣಿಯೊಬ್ಬಳ ಆ ಕತೆಯನ್ನು ತಾವೇ ಅಚ್ಚುಹಾಕಿಸಿ, ಓದುವ ಕೋಣೆಯ ಒಂದಿಡೀ ಕಪಾಟನ್ನು ಅದರಿಂದಲೇ ತುಂಬಿಸಿದ್ದರು. ಬಿಡುಗಡೆಯ ದಿನ ಎಲ್ಲರೂ ಅದನ್ನು ಹೊಗಳಿದ್ದರು. ಓದಿದರೆ ಹೊಗಳುವುದು ಕಷ್ಟವಾಗುತ್ತದೆಂದು ಯಾರೂ ಓದಿರಲಿಲ್ಲ.

ಆ ಪವಿತ್ರ ಗ್ರಂಥದ ಕೊರಳಲ್ಲಿ ಈಗ ಕೆಂಪು ಚೀಟಿ ನೇತಾಡುತ್ತಿತ್ತು: "ವಾಪಸ್. ರಾತ್ರಿ ಒಬ್ಬರೇ ಓದಬಾರದು. ಮೈಯೆಲ್ಲ ಬೆವರುತ್ತದೆ. ನಾನು ತಡೆಯಲಾರದೆ ಹೆಂಡತಿಯನ್ನು ಎಬ್ಬಿಸಿದೆ. ಮಕ್ಕಳ ಕೈಗೆ ಕೊಡಬೇಡಿ."

ಮಾರನೆಯ ಸಂಜೆಗೆ ಆ ಕಪಾಟು ಖಾಲಿ.

ಜನ ಪುಸ್ತಕವನ್ನು ಸೆರಗಿನಲ್ಲಿ, ಕೋಟಿನೊಳಗೆ, ತರಕಾರಿ ಚೀಲದ ತಳದಲ್ಲಿ ಇಟ್ಟುಕೊಂಡು ಹೋದರು. ಅಧ್ಯಕ್ಷರಿಗೆ ಸುದ್ದಿ ತಲುಪಿತು, ಆದರೆ ಅರ್ಧ ಮಾತ್ರ: ನಿಮ್ಮ ಕಾದಂಬರಿ ಒಂದು ಪ್ರತಿಯೂ ಸಿಗುತ್ತಿಲ್ಲ. ಅವರು ಹೊಸ ಕೋಟು ಹಾಕಿ ನೆಲಮಹಡಿಯಲ್ಲಿ ಅಡ್ಡಾಡತೊಡಗಿದರು. ಹೋಗಿಬರುವವರೆಲ್ಲ ಅವರನ್ನು ನೋಡಿ ಒಂದು ಥರ ನಗುತ್ತಿದ್ದರು. ಇದೇ ಕೀರ್ತಿ ಇರಬೇಕು ಎಂದುಕೊಂಡರು.

ಡಾಕ್ಟರು ಹತ್ತಿರ ಬಂದು ದನಿ ತಗ್ಗಿಸಿದರು. "ಸಾರ್, ಈ ವಯಸ್ಸಲ್ಲೂ!"

"ವಯಸ್ಸಿಗೂ ಇದಕ್ಕೂ ಏನ್ ಡಾಕ್ಟ್ರೇ ಸಂಬಂಧ? ವಯಸ್ಸಾದಷ್ಟೂ ಇದರಲ್ಲಿ ಪಳಗ್ತೀವಿ."

"ಎಲ್ಲಾ... ಕಲ್ಪನೇನಾ?"

"ಕಲ್ಪನೆ ಎಲ್ಲಿ ಬಂತು! ಗಮನಿಸಿ, ಒಂದೊಂದು ಪುಟವೂ ಸ್ವಂತ ಅನುಭವ. ನಮ್ಮನೆಯವಳ ಸಹಕಾರ ಇಲ್ದೆ ಇದ್ರೆ ಒಂದು ಅಧ್ಯಾಯವೂ ಆಗ್ತಿರಲಿಲ್ಲ."

"ಅಂದ್ರೆ, ಅವರೂ..."

"ಮದುವೆಯಾದ ದಿನದಿಂದ! ಹಗಲು ರಾತ್ರಿ ಅನ್ನದೆ!"

ಡಾಕ್ಟರು ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಓಡಿದರು.

ತೊಂದರೆಯೆಂದರೆ, ಓದಿದವರಿಗೆ ಏನೂ ಸಿಗಲಿಲ್ಲ. ಮೊದಲ ಬಾರಿಗೆ ಕಟ್ಟಡದ ಜನ ಒಂದು ಕಾದಂಬರಿಯನ್ನು ಸಾಲುಸಾಲು ಬಿಡದೆ, ಹಿಂದೆ ಮುಂದೆ ತಿರುಗಿಸಿ ಓದಿದರು. "ಹೆಂಗಸು ಪಾತ್ರೆ ತೊಳೀತಾಳೆ, ಸಹಿಸ್ತಾಳೆ, ಮತ್ತೆ ತೊಳೀತಾಳೆ. ಇದ್ರಲ್ಲಿ ಬೆವರೋದು ಏನಿದೆ?" ಎಂದು ಕೆಳಮಹಡಿಯ ವಕೀಲರು ಗೊಣಗಿದರು.

"ಅಯ್ಯೋ, ಅದೇ ಕಣ್ರೀ!" ಎಂದರು ಡಾಕ್ಟರು. "ಆ ಪಾತ್ರೆ ತೊಳೆಯೋದು ಇದೆಯಲ್ಲ, ಅದು ಸಂಕೇತ."

ಅದಾದ ಮೇಲೆ ಪಾತ್ರೆ ತೊಳೆಯುವ ಅಧ್ಯಾಯವನ್ನು ಕಟ್ಟಡವಿಡೀ ಇನ್ನೊಮ್ಮೆ ಓದಿ ಕೆಂಪಾಯಿತು. ಸಂಕೇತ ಅರ್ಥವಾಗದವರು ನರ್ಸಮ್ಮನೇ ಒಳ್ಳೊಳ್ಳೆ ಹಾಳೆಗಳನ್ನು ಕತ್ತರಿಸಿದ್ದಾಳೆಂದು ದೂರಿದರು. "ಇಷ್ಟು ವರ್ಷ ಕೆಲಸ ಮಾಡಿದೀನಿ, ಡಾಕ್ಟ್ರು ಹೇಳದೆ ಏನನ್ನೂ ಕತ್ತರಿಸಿದವಳಲ್ಲ ನಾನು" ಎಂದು ನರ್ಸಮ್ಮ ಕತ್ತರಿ ಎತ್ತಿ ತೋರಿಸಿದಳು. ಜನ ಹಿಂದೆ ಸರಿದರು.

ನಿಜ ಒಡೆದದ್ದು ಮೆಟ್ಟಿಲ ಮೇಲೆ. ಹೆಂಗಸೊಬ್ಬಳು ಅಧ್ಯಕ್ಷರ ಹೆಂಡತಿಯ ಮೊಣಕೈ ತಿವಿದು, "ಪಾತ್ರೆ ತೊಳೆಯೋವಾಗ ಈಗ್ಲೂ ಅವರು ಪಕ್ಕದಲ್ಲೇ ಇರ್ತಾರಾ ಅಕ್ಕಾ?" ಎಂದು ಕೇಳಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅಧ್ಯಕ್ಷರ ಹೆಂಡತಿ ಹೆಚ್ಚು ಮಾತಿನವರಲ್ಲ. "ಅವರು ಅಡುಗೆಮನೆಗೆ ಬಂದಿದ್ದೇ ನಾನು ನೋಡಿಲ್ಲ" ಎಂದು ಹೇಳಿ ನೇರ ಓದುವ ಕೋಣೆಗೆ ಹೋದರು. ನರ್ಸಮ್ಮ ಯಾರಿಗೂ ಕೊಡದೆ ಗಾಡಿಯಲ್ಲೇ ಇಟ್ಟುಕೊಂಡಿದ್ದ ಪ್ರತಿಯ ಚೀಟಿ ಓದಿದರು. ಚೀಟಿ ಸಮೇತ ಪುಸ್ತಕವನ್ನು ತಂದು, ಕನ್ನಡಿಯ ಮುಂದೆ ಕೋಟು ಸರಿಮಾಡಿಕೊಳ್ಳುತ್ತಿದ್ದ ಗಂಡನ ಎದುರಿಗಿಟ್ಟರು.

ಅಧ್ಯಕ್ಷರು ಕಿವಿಯಣ್ಣನ ಮನೆಗೆ ಬಂದಾಗ ಹೊಲಿಗೆಯಂತ್ರವೂ ಟಿವಿಯೂ ಒಟ್ಟಿಗೇ ನಿಂತವು. ಆ ಮನೆಯಲ್ಲಿ ಅಂಥ ಮೌನ ಅದೇ ಮೊದಲು. ಅನುಭವಿಸಲು ಕಿವಿಯಣ್ಣನಿಗೆ ಪುರಸೊತ್ತಿರಲಿಲ್ಲ.

"ಗಮನಿಸಿ! ನನ್ನ ಕೃತಿ ಓದಿ ನಿಮ್ಮ ಮೈ ಬೆವರಿತೇನ್ರೀ?"

"ನಿಮ್ಮ ಕೃತಿನಾ? ಇಲ್ಲ ಸಾರ್."

"ಹೆಂಡತಿಯನ್ನು ಎಬ್ಬಿಸಿದೆ ಅಂತ ಬರೆದಿದೀರಿ!"

"ಎಬ್ಬಿಸಿದ್ದು ನಿಜ" ಎಂದು ಹೆಂಡತಿ ಒಳಗಿನಿಂದಲೇ ಹೇಳಿದಳು. ಎಲ್ಲರೂ ಅವಳ ಕಡೆ ತಿರುಗಿದರು. ಅವಳ ಮುಖ ಕೆಂಪಾಗಿತ್ತು, ನಾಚಿಕೆಯಿಂದಲ್ಲ. "ಬಚ್ಚಲಿಗೆ ಒಬ್ರೇ ಹೋಗೋಕೆ ಹೆದರಿಕೆ ಅಂತ. ನಾನು ಬಾಗಿಲಾಚೆ ನಿಂತು ಏನಾದ್ರೂ ಮಾತಾಡ್ತಾ ಇರಬೇಕಂತೆ. ದೆವ್ವದ ಪುಸ್ತಕ ಓದ್ಕೊಂಡು ಕೂತಿದ್ರಲ್ಲ!"

ಕಿವಿಯಣ್ಣ ಚೀಟಿ ನೋಡಿದ, ಪುಸ್ತಕ ನೋಡಿದ, ತನ್ನ ಕೈಗಳನ್ನು ನೋಡಿದ. ಗಾಡಿಯ ಚಕ್ರ ನೆನಪಾಯಿತು. ಆದದ್ದನ್ನೆಲ್ಲ ಹೇಳಿದ.

ಅಧ್ಯಕ್ಷರ ಉಸಿರು ಮೆಲ್ಲಗೆ ಇಳಿಯಿತು. "ಅಂದ್ರೆ ಕೈತಪ್ಪು. ಸರಿ. ಭಾನುವಾರ ಓದುವ ಕೋಣೆಯಲ್ಲಿ ಎಲ್ಲರನ್ನೂ ಸೇರಿಸ್ತೀನಿ. ಎಲ್ಲರೆದುರು ಇದನ್ನೇ ಹೇಳಿ, ನಿಮ್ಮ ಕೈಯಿಂದಲೇ ಚೀಟಿ ಬಿಚ್ಚಿ, ಹಸಿರು ಕಟ್ಟಿ. ಇಲ್ಲದಿದ್ರೆ, ಗಮನಿಸಿ, ನಿಮ್ಮ ಸದಸ್ಯತ್ವ ರದ್ದು. ಆ ಕೋಣೆಯ ಹೊಸ್ತಿಲು ತುಳಿಯೋ ಹಾಗಿಲ್ಲ."

"ಬಿಚ್ಚಿಸ್ತೀನಿ ಸಾರ್, ನಾನು ಬಿಚ್ಚಿಸ್ತೀನಿ" ಎಂದಳು ಹೆಂಡತಿ.

"ಪುಸ್ತಕ ಇಲ್ಲೇ ಬಿಟ್ಟುಹೋಗಿ ಸಾರ್" ಎಂದ ಕಿವಿಯಣ್ಣ.

"ಯಾಕೆ?"

"ಬಿಚ್ಚೋ ಮುಂಚೆ ಓಡಿಸಿ ಕೇಳಬೇಕಲ್ಲ. ನಿಯಮ."

ಅಧ್ಯಕ್ಷರಿಗೆ ಇದು ಗೌರವವೆಂದೇ ಅನಿಸಿತು. ಸಂತೋಷದಿಂದ ಬಿಟ್ಟುಹೋದರು. ಮನುಷ್ಯ ತನ್ನ ಕಾಲಮೇಲೆ ತಾನೇ ಕಲ್ಲು ಹಾಕಿಕೊಳ್ಳುವಾಗ ಮುಖದಲ್ಲಿ ಎಂಥ ಕಳೆ ಇರುತ್ತದೆ ಎಂಬುದನ್ನು ಅಂದು ಆ ಮನೆಯವರು ಕಂಡರು.

ಕಿವಿಯಣ್ಣ ಓದಿದ. ಕಾರ್ಖಾನೆಯ ಊಟದ ಹೊತ್ತಿನಲ್ಲಿ ಓದಿದ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಓದಿದ. ನಾಯಕಿಯನ್ನು ಮೊದಲು ಅತ್ತೆ ಬೈದಳು, ಆಮೇಲೆ ಮಾವ, ನಾದಿನಿ, ನಾದಿನಿಯ ಗಂಡ, ನಾದಿನಿಯ ಗಂಡನ ಸ್ನೇಹಿತ. ಎಲ್ಲಕ್ಕೂ ಅವಳು ಮುಗುಳ್ನಕ್ಕು ಪಾತ್ರೆ ತೊಳೆದಳು. ಅರ್ಧಕ್ಕೆ ಬರುವಷ್ಟರಲ್ಲಿ ಕಿವಿಯಣ್ಣ ಪುಸ್ತಕವನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿದ್ದನ್ನು ನರ್ಸಮ್ಮ ಕಂಡಳಂತೆ.

ಅವನು ಕೆಳಗಿಟ್ಟಾಗಲೆಲ್ಲ ಅತ್ತೆ ಎತ್ತಿಕೊಂಡು ಓದಿದಳು. ಓದಿ ಬಿಕ್ಕಿಬಿಕ್ಕಿ ಅತ್ತಳು. "ಹೆಣ್ಣು ಅಂದ್ರೆ ಹೀಗಿರಬೇಕು! ನಿನ್ನ ಹಾಗಲ್ಲ" ಎಂದು ಮಗಳ ಕಡೆ ನೋಡಿದಳು.

ಹೊಲಿಗೆಯಂತ್ರ ಒಂದು ಕ್ಷಣ ನಿಂತು, ಮೊದಲಿಗಿಂತ ಜೋರಾಗಿ ಓಡಿತು.

ಶನಿವಾರ ಕಿವಿಯಣ್ಣ ಪುಸ್ತಕ ಮುಚ್ಚಿ ಹೆಂಡತಿಗೆ ಹೇಳಿದ: "ಇದು ವಾಪಸ್ಸೇ ಕಣೇ."

"ಏನು ವಾಪಸ್ಸು?"

"ಚೀಟಿ ಕಟ್ಟಿದ್ದು ತಪ್ಪು. ಆದ್ರೆ ಬಣ್ಣ ಸರಿಯಾಗೇ ಇದೆ."

ಅವಳು ಯಂತ್ರ ಬಿಟ್ಟು ಎದ್ದುಬಂದಳು. "ರೀ, ನಿಮಗೇನಾದ್ರೂ ತಲೆ ಕೆಟ್ಟಿದೆಯಾ? ದೇವರೇ ಬಂದು ಬಾಗಿಲು ತೆರೆದು ಕೊಟ್ಟಿದಾನೆ, ಕೈತಪ್ಪು ಅಂತ ಹೇಳಿ ಬನ್ನಿ ಅಂತ. ಅದೇನು ಸುಳ್ಳೂ ಅಲ್ಲ!"

"ಅದು ಸುಳ್ಳಲ್ಲ. ಹಸಿರು ಕಟ್ಟೋದು ಸುಳ್ಳು."

"ಒಂದು ಕಾಗದದ ಚೂರಿಗೋಸ್ಕರ ಆ ಕೋಣೆ ಬಿಡ್ತೀರಾ? ಅಲ್ಲಿಂದ ಬಂದ ದಿನ ನೀವು ಮನುಷ್ಯರ ಹಾಗೆ ಇರ್ತೀರಿ. ಅದೂ ಹೋದ್ರೆ ದಿನಾ ಸಂಜೆ ಎಲ್ಲಿ ಕೂತ್ಕೋತೀರಿ? ಈ ಯಂತ್ರದ ಕೆಳಗಾ?"

ಕಿವಿಯಣ್ಣ ಎದ್ದು ಚಪ್ಪಲಿ ಮೆಟ್ಟಿದ. ಡಾಕ್ಟರನ್ನು ಕೇಳೋಣವೆಂದು ಪಕ್ಕದ ಮನೆಗೆ ಹೋದ. ಡಾಕ್ಟರು ಪುಸ್ತಕದ ಹೆಸರು ಕೇಳಿದೊಡನೆಯೇ ಉಪಾಯ ಹೇಳಿದರು: "ಇಷ್ಟೇನಾ! 'ಇದು ಸಂಯಮದ ಗದ್ಯ' ಅಂದ್ಬಿಡಿ. ಹೊಗಳಿದ ಹಾಗೂ ಆಯ್ತು, ಏನೂ ಹೇಳದ ಹಾಗೂ ಆಯ್ತು. ನಾನು ಇಷ್ಟು ವರ್ಷ ಹಾಗೇ ಬದುಕಿದೀನಿ."

"ಫ್ಯಾನು ಕಿರುಗುಟ್ಟಿದ್ರೆ ಸಂಯಮದ ಗಾಳಿ ಅಂತ ಬರೀಬಹುದಾ ಡಾಕ್ಟ್ರೇ?"

"ಫ್ಯಾನು ಬೇರೆ, ಸಾಹಿತ್ಯ ಬೇರೆ."

"ಎರಡೂ ತಿರುಗಬೇಕಲ್ವಾ" ಎಂದ ಕಿವಿಯಣ್ಣ, ತನಗೇ ಆಶ್ಚರ್ಯವಾಗುವಷ್ಟು ಜೋರಾಗಿ.

ಭಾನುವಾರ ಓದುವ ಕೋಣೆ ತುಂಬಿತ್ತು. ಕುರ್ಚಿ ಸಾಲದೆ ಜನ ಕಪಾಟುಗಳಿಗೆ ಒರಗಿ ನಿಂತಿದ್ದರು. ನರ್ಸಮ್ಮ ಓಡಾಡಿ ಒರಗಿದವರನ್ನೆಲ್ಲ ನೆಟ್ಟಗೆ ನಿಲ್ಲಿಸುತ್ತಿದ್ದಳು. ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ 'ತಾಳ್ಮೆಯ ತಾಯಿಬೇರು', ಪಕ್ಕದಲ್ಲಿ ಕತ್ತರಿ. ಏನನ್ನೋ ಉದ್ಘಾಟಿಸುವ ಹಾಗೆ ಸಿದ್ಧತೆಯಾಗಿತ್ತು. ಅಧ್ಯಕ್ಷರ ಹೆಂಡತಿ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು.

"ಗಮನಿಸಿ" ಎಂದರು ಅಧ್ಯಕ್ಷರು. "ಒಂದು ಅಚಾತುರ್ಯ ನಡೆದಿದೆ. ಅದನ್ನು ಮಾಡಿದವರೇ ವಿವರಿಸ್ತಾರೆ."

ಕಿವಿಯಣ್ಣ ಎದ್ದುನಿಂತ. ಬೆನ್ನಿಗೆ ಹೆಂಡತಿಯ ಬೆರಳೊಂದು ತಿವಿಯುತ್ತಲೇ ಇತ್ತು.

"ಈ ಚೀಟಿ ಬರೆದಿದ್ದು ದೆವ್ವದ ಪುಸ್ತಕಕ್ಕೆ. ಕೈತಪ್ಪಿ ಇದಕ್ಕೆ ಕಟ್ಟಿದೆ. ಇದ್ರಲ್ಲಿ ಮೈ ಬೆವರೋ ಅಂಥದ್ದು ಏನೂ ಇಲ್ಲ. ಪಾತ್ರೆ ಅಂದ್ರೆ ಪಾತ್ರೆನೇ. ಎಲ್ಲರೂ ಕ್ಷಮಿಸಬೇಕು."

ಚಪ್ಪಾಳೆ ಬಿತ್ತು. ಅಲ್ಲಲ್ಲಿ ನಿರಾಶೆಯ ನಿಟ್ಟುಸಿರೂ ಕೇಳಿತು. ಡಾಕ್ಟರು ತಮ್ಮ ಸಂಕೇತವನ್ನು ನುಂಗಿಕೊಂಡು ಕಿಟಕಿಯ ಕಡೆ ನೋಡಿದರು. ಅಧ್ಯಕ್ಷರು ನಗುತ್ತ ಕತ್ತರಿ ಕೊಟ್ಟರು. ಕಿವಿಯಣ್ಣ ದಾರ ಕತ್ತರಿಸಿದ. ಕೆಂಪು ಚೀಟಿ ಬಿಳಿ ಬಟ್ಟೆಯ ಮೇಲೆ ಬಿತ್ತು. ಮತ್ತೊಮ್ಮೆ ಚಪ್ಪಾಳೆ.

"ಈಗ ಹಸಿರು" ಎಂದರು ಅಧ್ಯಕ್ಷರು.

ಕಿವಿಯಣ್ಣ ಜೇಬಿಗೆ ಕೈಹಾಕಿ, ಬರೆದಿಟ್ಟುಕೊಂಡಿದ್ದ ಇನ್ನೊಂದು ಚೀಟಿ ತೆಗೆದ. ಅದೂ ಕೆಂಪೇ.

"ಬಣ್ಣ ನೋಡಿ ತೆಗೀರಿ" ಎಂದು ಹೆಂಡತಿ ಪಿಸುಗುಟ್ಟಿದಳು.

"ನೋಡೇ ತೆಗೆದಿದೀನಿ" ಎಂದ ಅವನು, ಪಿಸುಗುಟ್ಟದೆ. "ಆಗ ಓದದೆ ಕಟ್ಟಿದ್ದೆ. ಅದು ತಪ್ಪು. ಈಗ ಓದಿದೀನಿ."

ದಾರ ಕಟ್ಟಿ, ಗಂಟು ಬಿಗಿದು, ಎಲ್ಲರಿಗೂ ಕೇಳುವಂತೆ ಓದಿದ: "ವಾಪಸ್. ಪೂರ್ತಿ ಓದಿದೆ. ಈ ಹೆಂಗಸಿಗೆ ಎಲ್ಲರೂ ಬೈಯುತ್ತಾರೆ, ಅವಳು ನಗುತ್ತಾಳೆ. ಯಾಕೆ ನಗುತ್ತಾಳೆ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ, ಬರೆದವರೂ ಕೇಳಿಲ್ಲ. ಎಣ್ಣೆ ಒಣಗಿದರೆ ಫ್ಯಾನು ಕೂಡ ಕಿರುಚುತ್ತದೆ. ಇವಳು ಒಂದು ತಟ್ಟೆಯನ್ನಾದರೂ ಎಸೆಯಬೇಕಿತ್ತು. ಎಸೆಯುತ್ತಾಳೆ ಎಂದು ಕೊನೆಯ ಪುಟದವರೆಗೆ ಕಾದೆ."

ಚಪ್ಪಾಳೆ ತಟ್ಟಲು ಎತ್ತಿದ್ದ ಕೈಗಳು ಎಲ್ಲಿ ಹೋಗಬೇಕೆಂದು ತಿಳಿಯದೆ ತಲೆ ಕೆರೆದುಕೊಂಡವು.

"ನಿಮಗೆ ಸಾಹಿತ್ಯ ಗೊತ್ತೇನ್ರೀ?" ಅಧ್ಯಕ್ಷರು ಗುಡುಗಿದರು.

"ಗೊತ್ತಿಲ್ಲ ಸಾರ್."

"ನೀವು ವಿಮರ್ಶಕರಾ?"

"ಅಲ್ಲ ಸಾರ್. ಓದಿದವನು."

"ಹಾಗಾದ್ರೆ ಹೇಳೋಕೆ ನಿಮಗೇನು ಹಕ್ಕು?"

"ಅದೇ ಹೇಳಿದೆನಲ್ಲ ಸಾರ್. ಓದಿದವನು."

ಅಧ್ಯಕ್ಷರ ಕೋಟಿನ ಗುಂಡಿಗಳು ನಡುಗಿದವು. "ಗಮನಿಸಿ! ಈ ವ್ಯಕ್ತಿಯ ಸದಸ್ಯತ್ವ ಈ ಕ್ಷಣದಿಂದ ರದ್ದು ಮಾಡಬೇಕೆಂದು ಸೂಚಿಸ್ತೀನಿ." ತಾವೇ ಮೊದಲು ಕೈ ಎತ್ತಿದರು. "ಅನುಮೋದಿಸುವವರು?"

"ನಾನು!" ಎಂದು ಹಿಂದಿನಿಂದ ಎರಡೂ ಕೈ ಎತ್ತಿದ್ದು ಕಿವಿಯಣ್ಣನ ಅತ್ತೆ. "ಅಂಥ ದೇವತೆ ಕೈಲಿ ತಟ್ಟೆ ಎಸೆಸ್ತೀರಾ ಅಳಿಯಂದ್ರೇ? ನಾಚಿಕೆಯಾಗಲ್ವಾ?"

"ನೀವು ಸದಸ್ಯರಲ್ಲ. ಭೇಟಿಯ ಸಮಯದಲ್ಲಿ ಬಂದವರು ಮಾತಾಡೋ ಹಾಗಿಲ್ಲ" ಎಂದು ನರ್ಸಮ್ಮ ಆ ಎರಡು ಕೈಗಳನ್ನೂ ಹಿಡಿದು ಕೆಳಗಿಳಿಸಿದಳು.

"ಬೇರೆ ಯಾರು?" ಅಧ್ಯಕ್ಷರು ಸುತ್ತ ನೋಡಿದರು. ವಕೀಲರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಡಾಕ್ಟರು ಕಂಕುಳಲ್ಲಿದ್ದ ಪುಸ್ತಕವನ್ನು, ಬಹುಶಃ ಮೊದಲ ಬಾರಿಗೆ, ತೆರೆದು ಮುಖಕ್ಕೆ ಅಡ್ಡ ಹಿಡಿದಿದ್ದರು. ಕಿವಿಯಣ್ಣನ ಹೆಂಡತಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, ಅವುಗಳ ಮೇಲೆ ಭದ್ರವಾಗಿ ಕೂತಿದ್ದಳು.

"ನಾನು ಎಸೆದಿದ್ದೆ."

ದನಿ ಮುಂದಿನ ಸಾಲಿನಿಂದ ಬಂತು. ಮೆಲುದನಿ. ಯಾರು ಮಾತಾಡಿದ್ದೆಂದು ಹಲವರು ಹುಡುಕಿದರು.

ಅಧ್ಯಕ್ಷರ ಹೆಂಡತಿ ಎದ್ದುನಿಂತಿದ್ದರು. "ತಟ್ಟೆ. ಮದುವೆಯಾದ ವರ್ಷ. ಅವರಮ್ಮ ನನ್ನಪ್ಪನ ವಿಷಯ ಏನೋ ಅಂದ್ರು. ಎತ್ತಿ ಗೋಡೆಗೆ ಎಸೆದೆ. ಸ್ಟೀಲಿಂದು, ಒಡೀಲಿಲ್ಲ. ಆದ್ರೆ ಸದ್ದು ಚೆನ್ನಾಗಿ ಬಂತು. ಆಮೇಲೆ ಆ ಮನೇಲಿ ಯಾರೂ ನಮ್ಮಪ್ಪನ ಸುದ್ದಿ ಎತ್ತಲಿಲ್ಲ." ಗಂಡನ ಕಡೆ ತಿರುಗಿದರು. "ಸ್ವಂತ ಅನುಭವ ಅಂತ ಬರೆದ್ರಲ್ಲ, ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರೆದ್ರಿ. ಮೊದಲ ಸಲ ಓದಿದಾಗಲೇ ಕೇಳೋಣ ಅಂದ್ಕೊಂಡೆ. ನೀವು ಚಪ್ಪಾಳೆ ಕೇಳ್ತಾ ನಿಂತಿದ್ರಿ." ಇಷ್ಟು ಹೇಳಿ ಕೂತರು.

ಅಧ್ಯಕ್ಷರ ಕೈ ಇನ್ನೂ ಮೇಲೆಯೇ ಇತ್ತು. ಅದನ್ನು ಅಲ್ಲಿ ಯಾಕೆ ಇಟ್ಟಿದ್ದೆಂದು ಅವರಿಗೆ ಮರೆತಂತಿತ್ತು. ಮೆಲ್ಲಗೆ ಅದು ಭುಜದವರೆಗೆ ಇಳಿಯಿತು. ಪುಸ್ತಕವನ್ನು ಕೈಗೆತ್ತಿಕೊಂಡು ಹೊಸ ಚೀಟಿಯನ್ನು ತುಟಿ ಅಲ್ಲಾಡಿಸುತ್ತ ಮತ್ತೊಮ್ಮೆ ಓದಿದರು. ಇಷ್ಟು ಜನ ಹೊಗಳಿದ್ದ ಕೃತಿಯ ಕೊನೆಯ ಪುಟ ಮುಟ್ಟಿ, ಅಲ್ಲಿ ಏನೋ ಆಗಲಿ ಎಂದು ಕಾದ ಮನುಷ್ಯ ಎದುರಿಗಿದ್ದ. ಲೇಖಕರಿಗೆ ಅಂಥವನು ಸಿಕ್ಕಾಗ ಆಗುವ ಕಾಯಿಲೆ ಅವರಿಗೂ ಆಯಿತು. ಗಂಟಲು ಸರಿಮಾಡಿಕೊಂಡು, "ಗಮನಿಸಿ" ಎನ್ನುವುದನ್ನೂ ಮರೆತು, ಯಾರಿಗೂ ಕೇಳಿಸಬಾರದೆಂಬಂತೆ ಕೇಳಿದರು:

"ಯಾವ ಅಧ್ಯಾಯದಲ್ಲಿ ಎಸೆಯಬೇಕಿತ್ತು ಅಂತೀರಿ?"

ಕಿವಿಯಣ್ಣ ಕಣ್ಣು ಮುಚ್ಚಿದ. ಫ್ಯಾನು ತಿರುಗುತ್ತಿದ್ದಾಗ ಕಿವಿಗೊಡುವಂತೆ ಇಡೀ ಕಾದಂಬರಿಗೆ ಒಮ್ಮೆ ಕಿವಿಗೊಟ್ಟ. ತೊಡೆಯ ಕೆಳಗಿಂದ ಮತ್ತೆ ಹೊರಬಂದ ಹೆಂಡತಿಯ ಬೆರಳು ಅವನ ಬೆನ್ನ ಮೇಲೆ ಉಸಿರು ಹಿಡಿದು ನಿಂತಿತು.

"ಮೊದಲನೇದರಲ್ಲೇ ಸಾರ್. ಪುಸ್ತಕ ಅಲ್ಲೇ ಮುಗೀತಿತ್ತು."

ಇಳಿದಿದ್ದ ಕೈ ಸಟ್ಟನೆ ಮೇಲೇರಿತು. "ಅನುಮೋದಿಸುವವರು!" ಎಂದು ಅಧ್ಯಕ್ಷರು ಕೂಗಿದರು. "ಯಾರಾದ್ರೂ ಅನುಮೋದಿಸ್ತೀರೋ ಇಲ್ವೋ!"

ಯಾರೂ ಅಲುಗಲಿಲ್ಲ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಸೆರಗಿನಿಂದ ಬಾಯಿ ಒತ್ತಿ ಹಿಡಿದಿದ್ದರು. ಭುಜಗಳು ಮಾತ್ರ ಕುಲುಕುತ್ತಿದ್ದವು. ಅಧ್ಯಕ್ಷರು ಒಂದೊಂದೇ ಮುಖವನ್ನು ನೋಡುತ್ತ, ಕೈ ಎತ್ತಿಕೊಂಡೇ ನಿಂತರು.

ಅನುಮೋದನೆ ಬರುವವರೆಗೆ ತಾನು ಸದಸ್ಯನೇ ಎಂದು ಕಿವಿಯಣ್ಣನಿಗೆ ಖಾತ್ರಿಯಿತ್ತು. ಕಪಾಟಿಗೆ ಹೋಗಿ, ಕಂದು ಹೊದಿಕೆಯ ಇನ್ನೊಂದು ಪುಸ್ತಕ ಎಳೆದುಕೊಂಡ. ಕಿಟಕಿ ಪಕ್ಕದ ಕುರ್ಚಿಯಲ್ಲಿ ವಕೀಲರು ಕೂತಿದ್ದರು.

"ಸ್ವಲ್ಪ ಏಳ್ತೀರಾ?" ಎಂದ. "ನಾನು ಓದಬೇಕು."

ವಕೀಲರು ಎದ್ದರು.